ನಮ್ಮ ‘ನಾನು’ಗೆ ದಂಡ ಕಟ್ಟೋರು ಯಾರು?

ಪೋಸ್ಟ್ ಸ್ವಲ್ಪ ಉದ್ದ ಆಗ್ಯದ. ಪುರುಸೊತ್ತು ಇದ್ದಾಗ ಓದ್ರಿ. ತಪ್ಪಿದ್ದರೆ ಬೈರಿ, ಆದ್ರ ಪೂರ್ತಿ ಓದಿ ಬೈರಿ.

ಹೋದ ವಾರ ನಮ್ಮ ಅಕ್ಕನ ಮಗ ರಾಯಚೂರಿನ ನಮ್ಮ ಮನಿಗೆ ಬಂದಿದ್ದ. ಡಿಗ್ರಿ ಮುಗಿಸಿ ಇಲ್ಲೇ ಒಂದು ಕೊರಿಯರ್ ಗೋದಾಮಿನಾಗ ಕೆಲಸಕ್ಕದಾನ. ಹೊರಗ ಹೊಸ ಬೈಕು. ಮೈಮ್ಯಾಲೆ ಕರಿ ಟೀ ಶರ್ಟು, ಅದರ ಮ್ಯಾಲೆ ಗುಲಾಬಿ ಬಣ್ಣದ ಸೋಪಿನ ಚಿತ್ರ, ಅದರಾಗ ಇಂಗ್ಲಿಷಿನಾಗ ‘ಫೈಟ್ ಕ್ಲಬ್’ ಅಂತ.

“ಏನೋ ಇದು, ಸೋಪಿನ ಜಾಹೀರಾತೇನು?” ಅಂದೆ.

“ಮಾಮಾ, ಈ ಪಿಕ್ಚರ್ ನೋಡಿಲ್ಲೇನು? ಸಾಮಾನು ಕೊಂಡು ಕೊಂಡು ಮನುಷ್ಯ ಹೆಂಗ ಕಳದು ಹೋಗ್ತಾನ ಅಂತ ತೋರ್ಸ್ಯಾರ. ನನ್ನ ಕಥಿನೇ ನೋಡಿದಂಗಾತು.”

“ಅಂಗಿಗೆ ಎಷ್ಟು ಕೊಟ್ಟಿ?”

“ಆರುನೂರು. ಆನ್‌ಲೈನ್‌ನಾಗ. ಮೂರು ಕಂತು.”

“ಕೊಳ್ಳಬ್ಯಾಡ್ರಿ ಅನ್ನೋ ಪಿಕ್ಚರಿನ ಅಂಗಿ ಕಂತಿನಾಗ ಕೊಂಡೀಯಲ್ಲೋ!”

ಅವನೂ ನಕ್ಕ, ನಾನೂ ನಕ್ಕೆ. ಆಮೇಲೆ ಕೇಳಿದ: “ನಮ್ಮ ಕನ್ನಡದಾಗ ಇಂಥಾ ಪಿಕ್ಚರ್ ಯಾಕ ಬರಂಗಿಲ್ಲ ಮಾಮಾ?”

ಬಂದದಪ್ಪ. ಅದೇ ವರ್ಷ, ಅದೇ ತಿಂಗಳು ಬಂದದ. ಡೇವಿಡ್ ಫಿಂಚರ್ ಅವರ ‘ಫೈಟ್ ಕ್ಲಬ್’ ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 1999ರ ಅಕ್ಟೋಬರ್‌ನಲ್ಲಿ. ಉಪೇಂದ್ರ ಅವರು ಬರೆದು, ನಿರ್ದೇಶಿಸಿ, ನಟಿಸಿದ ‘ಉಪೇಂದ್ರ’ ಬೆಂಗಳೂರಿನಲ್ಲಿ ಬಿಡುಗಡೆಯಾಗಿದ್ದೂ 1999ರ ಅಕ್ಟೋಬರ್‌ನಲ್ಲಿ. ಒಬ್ಬರನ್ನೊಬ್ಬರು ನೋಡಿ ಮಾಡಿದ್ದಲ್ಲ. ಆದರೂ ಒಂದು ಹೋಲಿಕೆ ನೋಡ್ರಿ. ಆ ಇಂಗ್ಲಿಷ್ ಸಿನಿಮಾದಲ್ಲಿ ಕಥೆ ಹೇಳುವವನಿಗೆ ಹೆಸರೇ ಇಲ್ಲ. ಈ ಕನ್ನಡ ಸಿನಿಮಾದಲ್ಲಿ ನಾಯಕನ ಹೆಸರು ‘ನಾನು’. ಅವನು ಸಂಬಳದ ದುಡ್ಡಿನಲ್ಲಿ ಫರ್ನಿಚರ್ ಕೊಂಡು ಕೊಂಡು ನಿದ್ದೆ ಕಳಕೊಂಡವನು. ಇವನು ಮನಸ್ಸಿನಲ್ಲಿ ಬಂದಿದ್ದನ್ನು ಬಾಯಿಗೆ ತಡೆ ಇಲ್ಲದೆ ಆಡುವವನು, ಊರಿನ ನಾಟಕ ಸಾಕಾದವನು. ಇಬ್ಬರೂ ಕೇಳೋದು ಒಂದೇ ಪ್ರಶ್ನೆ: ಈ ಸಮಾಜ ಹೊದಿಸಿದ ಅಂಗಿ ಬಿಚ್ಚಿದರೆ ಒಳಗೆ ಇರೋನು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಒಮ್ಮೆ ನಾನು ಪೆಟ್ಟು ತಿಂದೀನಿ. ಅಳಿಯನಿಗೆ ಅವತ್ತು ಅರ್ಧ ಹೇಳಿದೆ. ಉಳಿದದ್ದು ಇಲ್ಲಿ ಬರೀತಿದೀನಿ.

ನಾನು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯವನು. ಪಿಯುಸಿ ಓದಿದ್ದು ಮಾನ್ವಿಯಲ್ಲಿ, ಹಾಸ್ಟೆಲಿನಲ್ಲಿ ಇದ್ದುಕೊಂಡು. ಆಗ ಬೆಂಗಳೂರಿನ ಪಿಕ್ಚರ್ ನಮ್ಮ ಕಡೆಗೆ ಬರಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ರೀಲು ತೇದು, ಮಳೆ ಸುರಿದಂಗೆ ಗೆರೆ ಬಿದ್ದ ಮೇಲೆ ಬರುತ್ತಿತ್ತು. ‘ಉಪೇಂದ್ರ’ನೂ ಹಂಗೇ ಬಂತು, 2000ನೇ ಇಸವಿಯಲ್ಲಿ. ನೋಟ್‌ಬುಕ್ಕಿಗೆ ಅಂತ ಅವ್ವ ಕೊಟ್ಟ ದುಡ್ಡಿನಲ್ಲಿ ನಾವು ಆರು ಜನ ಹಾಸ್ಟೆಲ್ ಹುಡುಗರು ಗಾಂಧಿ ಕ್ಲಾಸಿನಲ್ಲಿ ಕೂತು ನೋಡಿದೆವು. ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಆದರೆ ಒಂದು ಮಾತ್ರ ಎದೆಗೆ ಹೊಡೀತು. ಪರದೆ ಮೇಲೆ ಒಬ್ಬ ಮನುಷ್ಯ ಎದೆ ಸೆಟೆಸಿ ‘ನಾನು’ ಅಂತಾನ. ಅವನಿಗೆ ಅಪ್ಪನ ಹೆಸರು ಕೇಳೋರಿಲ್ಲ. ಊರು ಕೇಳೋರಿಲ್ಲ. ‘ಯಾವ ಓಣಿ?’ ಅಂತ ಕೇಳೋರಿಲ್ಲ.

ನಮ್ಮ ಕಡೆ ‘ಯಾವ ಓಣಿ’ ಅಂದ್ರ ಏನರ್ಥ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಿಕ್ಚರ್ ನೋಡಿದ ಮೇಲೆ ನಮ್ಮ ಆರೂ ಜನರ ನಡಿಗೆ ಬದಲಾಯ್ತು. ಕೂದಲು ಬಿಟ್ಟೆವು. ಹಾಸ್ಟೆಲಿನಲ್ಲಿ ಯಾರು ಏನು ಕೇಳಿದರೂ ಒಂದೇ ಉತ್ತರ, ‘ನಾನು’. ದಸರಾ ರಜೆಗೆ ಊರಿಗೆ ಹೋದೆ. ನಮ್ಮೂರಿನ ಚಹಾ ಅಂಗಡಿಯಲ್ಲಿ ಆಗ ನಮ್ಮವರಿಗೆ ಬೇರೆ ಲೋಟ ಇರುತ್ತಿತ್ತು, ಹೊರಗಿನ ಗೂಟಕ್ಕೆ ಸಿಕ್ಕಿಸಿದ್ದು. ನಾವೇ ತಗೊಂಡು, ನಾವೇ ಕುಡಿದು, ನಾವೇ ತೊಳೆದು ಇಡಬೇಕು. ಅವತ್ತು ನಾನು ಒಳಗ ಹೋಗಿ ಬೆಂಚಿನ ಮೇಲೆ ಕೂತೆ. “ಸ್ಟೀಲ್ ಗ್ಲಾಸಿನಾಗ ಒಂದು ಚಹಾ ಕೊಡ್ರಿ” ಅಂದೆ.

ಅಂಗಡಿ ಗಪ್ಪಾಯ್ತು. ಮಾಲೀಕ ಬೈಯಲಿಲ್ಲ, ಹೊಡೆಯಲಿಲ್ಲ. ತಣ್ಣಗೆ ಕೇಳಿದ: “ನೀ ಯಾರ ಮಗ ಅಲ್ಲಲೇ?”

ಇಡೀ ‘ಉಪೇಂದ್ರ’ ಸಿನಿಮಾದಲ್ಲಿ ನಾಯಕನಿಗೆ ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ನಾನು ಸಿನಿಮಾದ ಉತ್ತರವನ್ನೇ ಕೊಟ್ಟೆ. “ನಾನು ಅಂದ್ರ ನಾನು” ಅಂದೆ. ಸುತ್ತ ಕೂತವರು ನಕ್ಕರು. ನನಗೆ ಚಹಾ ಸಿಗಲಿಲ್ಲ. ಎದ್ದು ಬಂದೆ.

ಸಂಜಿಗೆ ಅಪ್ಪನಿಗೆ ಕರೆ ಬಂತು. ಅವನು ದುಡಿಯುತ್ತಿದ್ದ ಹೊಲದ ಗೌಡರು ಮರುದಿನದಿಂದ ಕೆಲಸಕ್ಕೆ ಬರಬ್ಯಾಡ ಅಂದರು. ಅಪ್ಪನಿಗಷ್ಟೇ ಅಲ್ಲ. ನಮ್ಮ ಓಣಿಯ ಯಾರನ್ನೂ ಹತ್ತಿ ಬಿಡಿಸಲು ಕರೆಯಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ನಮ್ಮವರ ಜೋಳ ಬೀಸಲಿಲ್ಲ. ಕಿರಾಣಿ ಅಂಗಡಿಯಲ್ಲಿ ಉದ್ರಿ ನಿಂತಿತು. ಒಂಬತ್ತು ದಿನ. ಹತ್ತನೇ ದಿನ ನಮ್ಮ ಓಣಿಯ ಹಿರಿಯರೇ ಅಪ್ಪನ್ನ ಕರಕೊಂಡು ಹೋಗಿ, ಚಾವಡಿ ಮುಂದೆ ಅವನ ಕೈಲಿ ತಪ್ಪಾಯ್ತು ಅನ್ನಿಸಿದರು. ನಾನು ಮಾನ್ವಿಗೆ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಒಂದೇ ಮಾತು ಅಂದ: “ನೀ ಒಬ್ಬನ ಕುಡಿಯಾಕ ಹೋದ ಚಹಾಕ್ಕ, ನಾಕ್ವತ್ತು ಮನಿ ಉಪವಾಸ ಬಿದ್ವು ನೋಡಪ್ಪ.”

ಅವನು ಬೈದು ಹೇಳಿದ್ದಲ್ಲ. ಲೆಕ್ಕ ಹೇಳಿದ್ದು.

ಇಪ್ಪತ್ತೈದು ವರ್ಷ ಆ ಲೆಕ್ಕ ನನ್ನ ತಲಿಯೊಳಗ ಅದ. ಸಿನಿಮಾದ ‘ನಾನು’ ಏನಾದರೂ ಮಾಡಲಿ, ಅದರ ಬೆಲೆ ಅವನೊಬ್ಬನೇ ಕಟ್ಟುತ್ತಾನೆ. ಅಮೆರಿಕದ ಆ ಹೆಸರಿಲ್ಲದವನು ಕೆಲಸ ಬಿಟ್ಟ, ಮನೆ ಕಳಕೊಂಡ, ಪಾಳು ಮನೆಯಲ್ಲಿ ಬದುಕಿದ. ಅವನ ಬಂಡಾಯಕ್ಕೆ ಅವನ ಓಣಿಯ ಮಂದಿಯ ಕೂಲಿ ನಿಲ್ಲಲಿಲ್ಲ. ನಮ್ಮಲ್ಲಿ ಒಬ್ಬ ‘ನಾನು’ ಅಂದರೆ ದಂಡ ಕಟ್ಟೋದು ‘ನಾವು’.

ಇದು ಬರೀ ನನ್ನ ಹಳೇ ನೆನಪು ಅಂತ ತಿಳಿಬ್ಯಾಡ್ರಿ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಮರಕುಂಬಿ ನೆನಪು ಮಾಡ್ಕೊಳ್ರಿ. 2014ರ ಆಗಸ್ಟ್. ಗಂಗಾವತಿಗೆ ಪಿಕ್ಚರ್ ನೋಡಲು ಹೋದವರ ನಡುವಿನ ಒಂದು ಜಗಳ ಊರಿಗೆ ಬಂತು. ಊರಲ್ಲಿ ಮೊದಲೇ ಹೋಟೆಲು, ಕ್ಷೌರದಂಗಡಿಗೆ ದಲಿತರ ಪ್ರವೇಶದ ತಕರಾರು ಹೊಗೆಯಾಡುತ್ತಿತ್ತು. ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಟಾಕೀಸಿನಲ್ಲಿ ಇದ್ದವರು ಎಷ್ಟು ಮಂದಿ? ಸುಟ್ಟಿದ್ದು ಯಾರ ಯಾರ ಮನೆ? ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಸಿನಿಮಾ ಟಾಕೀಸಿನ ಕತ್ತಲೆಯಲ್ಲಿ ಎಲ್ಲರೂ ಸಮ ಅಂತ ಬರೆಯೋರು ಇದ್ದಾರೆ. ಬೆಳಕು ಹತ್ತಿದ ಮೇಲೆ ಎಲ್ಲರೂ ತಮ್ಮ ತಮ್ಮ ಓಣಿಗೇ ನಡೀಬೇಕಲ್ರಿ.

ಈಗ ಸಾಮಾನಿನ ಮಾತಿಗೆ ಬರೋಣ.

‘ಫೈಟ್ ಕ್ಲಬ್’ ನೋಡಿದ ನಮ್ಮ ಓದಿದ ಹುಡುಗರು, ಕೆಲವು ಪ್ರಗತಿಪರ ಗೆಳೆಯರು, ಇತ್ತೀಚೆಗೆ ಒಂದು ರಾಗ ಹಾಡ್ತಾರ. ಏಪ್ರಿಲ್ 14ಕ್ಕೆ ಹೊಸ ಬಟ್ಟೆ ಯಾಕ, ಡಿಜೆ ಯಾಕ, ಬೈಕ್ ರ‍್ಯಾಲಿ ಯಾಕ, ಇದೆಲ್ಲ ಕೊಳ್ಳುಬಾಕತನ, ಬಾಬಾಸಾಹೇಬರು ಇದನ್ನ ಕಲಿಸಿದರೇನು ಅಂತ. ಡಿಜೆ ಬಗ್ಗೆ ನನಗೂ ತಕರಾರು ಅದ. ಅದನ್ನ ಬ್ಯಾರೆ ಬರೀತೀನಿ. ಆದರೆ ಹೊಸ ಬಟ್ಟೆ ವಿಷಯಕ್ಕೆ ಬಂದರೆ ನಾನು ಸುಮ್ಮನಿರಂಗಿಲ್ಲ.

1936ರಲ್ಲಿ ಲಾಹೋರಿನ ಸಭೆಗೆ ಅಂತ ಬರೆದು, ಸಭೆಯವರೇ ಬೇಡ ಅಂದಮೇಲೆ ಬಾಬಾಸಾಹೇಬರು ತಾವೇ ಅಚ್ಚು ಹಾಕಿಸಿದ ‘ಜಾತಿ ವಿನಾಶ’ದ ಭಾಷಣವನ್ನ ಮತ್ತೊಮ್ಮೆ ತೆಗೆದು ನೋಡ್ರಿ. ಶುರುವಿನಲ್ಲೇ ಅವರು ಘಟನೆಗಳ ಪಟ್ಟಿ ಕೊಡ್ತಾರ. ಇಂದೋರ್ ಕಡೆಯ ಬಲಾಯಿ ಜನರಿಗೆ ಜರಿ ಅಂಚಿನ ರುಮಾಲು ಸುತ್ತಬಾರದು, ಬಣ್ಣದ ಅಂಚಿನ ಧೋತರ ಉಡಬಾರದು, ಹೆಣ್ಣುಮಕ್ಕಳು ಬೆಳ್ಳಿ ಬಂಗಾರ ಹಾಕಬಾರದು ಅಂತ ಕಟ್ಟಪ್ಪಣೆ. ಗುಜರಾತಿನ ಒಂದು ಊರಿನಲ್ಲಿ ನಮ್ಮ ಹೆಣ್ಣುಮಕ್ಕಳು ಲೋಹದ ಕೊಡದಲ್ಲಿ ನೀರು ತಂದರು ಅಂತ ಹಲ್ಲೆ. ಜೈಪುರ ಸೀಮೆಯ ಚಕ್ವಾರದಲ್ಲಿ ತೀರ್ಥಯಾತ್ರೆ ಮುಗಿಸಿ ಬಂದ ಒಬ್ಬ ತನ್ನ ಜನರಿಗೆ ಊಟ ಹಾಕಿದ, ಅಡಿಗೆಯಲ್ಲಿ ತುಪ್ಪ ಇತ್ತು, ಅಷ್ಟಕ್ಕೇ ನೂರಾರು ಮಂದಿ ಬಡಿಗೆ ಹಿಡಿದು ಬಂದರು. ಉಣ್ಣಲು ಕೂತವರು ಎಲೆ ಬಿಟ್ಟು ಓಡಿದರು.

ತುಪ್ಪ, ಕೊಡ, ರುಮಾಲು, ಬೆಳ್ಳಿ. ಇವು ಮಾರುಕಟ್ಟೆಯಲ್ಲಿ ದುಡ್ಡು ಕೊಟ್ಟರೆ ಸಿಗುವ ಸಾಮಾನುಗಳೇ. ದುಡ್ಡಿದ್ದರೂ ನಮಗೆ ಸಿಗಬಾರದು ಅಂತ ಕಾಯಿದೆ ಇತ್ತು. ಹಂಗಾಗಿ ನಮ್ಮಲ್ಲಿ ಬಂಡಾಯ ಸಾಮಾನು ಒಗೆಯೋದರಿಂದ ಶುರು ಆಗಲಿಲ್ಲ, ಸಾಮಾನು ಹಿಡಿಯೋದರಿಂದ ಶುರು ಆಯ್ತು. ಗಾಂಧೀಜಿ ಅಂಗಿ ಬಿಚ್ಚಿ ಮಹಾತ್ಮ ಆದರು, ಬಾಬಾಸಾಹೇಬರು ಸೂಟು ತೊಟ್ಟು ನಮ್ಮವರಾದರು. ನಮ್ಮ ಊರೂರಿನ ಪ್ರತಿಮೆಗೆ ನೀಲಿ ಕೋಟು ಇರೋದು ಅಲಂಕಾರಕ್ಕಲ್ಲ. ಅದು ಒಂದು ಮಾತು. ‘ನಾನು ಇದನ್ನ ತೊಡ್ತೀನಿ, ಯಾರು ತಡೀತೀರಿ?’ ಅನ್ನೋ ಮಾತು.

ಆದ್ದರಿಂದ ತುಂಬಿದ ಮನೆಯವರು ಸಾಮಾನು ಒಗೆದು ಬಿಡುಗಡೆ ಆಯ್ತು ಅಂದರೆ ನಾನು ನಂಬ್ತೀನಿ. ಆದರೆ ಅದೇ ಪಾಠವನ್ನ ಖಾಲಿ ಮನೆಯವರಿಗೆ ಹೇಳಬ್ಯಾಡ್ರಿ. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಐಕಿಯಾ ಅಂಗಡಿ ತೆರೀತು. ಆ ಇಂಗ್ಲಿಷ್ ಸಿನಿಮಾದವನು ಕ್ಯಾಟಲಾಗ್ ನೋಡಿ ನೋಡಿ ಸಾಮಾನು ತರಿಸ್ತಿದ್ದನಲ್ಲ, ಅದೇ ಕಂಪನಿ. ಆ ಸಾಮಾನು ಹೋಗಿ ಸೇರುವ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಕಲ್ಲು, ಇಟ್ಟಂಗಿ ಹೊರಲು ದೇವದುರ್ಗದಿಂದ, ಮಾನ್ವಿಯಿಂದ ಬಸ್ಸು ತುಂಬಿ ಗುಳೆ ಹೋಗ್ತಾರ. ಮಂದಿಯ ಮಲಗುವ ಕೋಣೆಗೆ ಟೈಲ್ಸ್ ಹಾಕಿ ತಾವು ತಗಡಿನ ಶೆಡ್ಡಿನಾಗ ಮಲಗ್ತಾರ. ನಮ್ಮ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟು ರಾಜ್ಯಕ್ಕೆಲ್ಲ ಹೋಗ್ತದ, ಬೂದಿ ಮಾತ್ರ ನಮ್ಮಲ್ಲೇ ಉಳೀತದ. ಅವರದು ಸಾಮಾನು ಹೆಚ್ಚಾಗಿ ಬಂದ ಪರಕೀಯತೆ. ನಮ್ಮದು ನಾವೇ ಮಾಡಿದ ಸಾಮಾನಿನಿಂದ ದೂರ ಇಟ್ಟ ಪರಕೀಯತೆ. ಎರಡಕ್ಕೂ ಒಂದೇ ಗುಳಿಗೆ ನಡೆಯಂಗಿಲ್ಲ.

ಹಂಗಾದ್ರ ಬರೀ ಕೊಳ್ರಿ, ಕೊಂಡಷ್ಟೂ ಸ್ವಾಭಿಮಾನ ಅಂತ ಹೇಳ್ತೀನೇನು? ಇಲ್ಲ. ಇಲ್ಲೇ ನನ್ನ ಎದೆಗೆ ಮುಳ್ಳು ಸಿಕ್ಕದ.

ಅಳಿಯ ಹೋದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಬೈಕಿನ ಮಾತು ತೆಗೆದೆ. ಮೊದಲು “ಏನಿಲ್ಲ ಬಿಡೋ ತಮ್ಮಾ” ಅಂದಳು. ಆಮೇಲೆ ಅಳಾಕ ಹತ್ತಿದಳು. ಎಮ್ಮೆ ಕೊಳ್ಳೋದಕ್ಕೆ ಅಂತ ಕಾಗದದ ಮೇಲೆ ಬರೆಸಿ ಒಂದು ಸಂಘದ ಸಾಲ ತಗೊಂಡಾಳ. ಎಮ್ಮೆ ಬರಲಿಲ್ಲ. ಬೈಕಿನ ಮುಂಗಡಕ್ಕೆ, ಮಗನ ಫೋನಿಗೆ, ಉಳಿದದ್ದು ಹಳೇ ಬಾಕಿಗೆ ಹೋಯ್ತು. ಅದರ ಕಂತು ಕಟ್ಟಲು ಇನ್ನೊಂದು ಕಂಪನಿಯ ಸಾಲ. ಅದನ್ನ ಕಟ್ಟಲು ಮೂರನೇದು. ವಾರ ವಾರ ಕಂತು. ಒಂದು ವಾರ ತಪ್ಪಿತು. ವಸೂಲಿಗೆ ಬಂದ ಹುಡುಗ ಅಕ್ಕನಿಗೆ ಒಂದು ಮಾತೂ ಅನ್ನಲಿಲ್ಲ. ಗುಂಪಿನ ಉಳಿದ ಒಂಬತ್ತು ಹೆಣ್ಣುಮಕ್ಕಳನ್ನ ಕರೆದು, “ಇವಳ ಕಂತು ನೀವು ಹಾಕ್ರಿ, ಇಲ್ಲಾಂದ್ರ ನಾ ಇಲ್ಲಿಂದ ಏಳಂಗಿಲ್ಲ” ಅಂತ ಅಕ್ಕನ ಮನೆ ಕಟ್ಟೆ ಮೇಲೆ ರಾತ್ರಿ ಎಂಟರ ತನಕ ಕೂತ. ಮರುದಿನದಿಂದ ಆ ಒಂಬತ್ತು ಮಂದಿ ಅಕ್ಕನ ಜೊತೆ ಮಾತು ಬಿಟ್ಟರು. ಅವರೆಲ್ಲ ನಮ್ಮ ಓಣಿಯವರೇ, ಬಳಗದವರೇ.

ಫೋನ್ ಇಟ್ಟ ಮೇಲೆ ನನಗೆ ಅಪ್ಪನ ಲೆಕ್ಕ ನೆನಪಾಯ್ತು. ಒಬ್ಬ ಚಹಾ ಕೇಳಿದರೆ ನಾಕ್ವತ್ತು ಮನೆಗೆ ದಂಡ. ಒಬ್ಬಾಕಿ ಕಂತು ತಪ್ಪಿದರೆ ಒಂಬತ್ತು ಮಂದಿಗೆ ದಂಡ. ಊರಗೌಡರು ಕಲಿಸಿದ್ದನ್ನ ಕಂಪನಿಯವರು ನೋಡಿ ಕಲಿತಂಗ ಅದ. ಗುಂಪು ಸಾಲ ನಡೆಯೋದೇ ಹಂಗ. ಅಡವಿಡಲು ಬಂಗಾರ ಇಲ್ಲ, ಹೊಲ ಇಲ್ಲ. ಹಂಗಾಗಿ ಅಡವು ಇಡಿಸಿಕೊಳ್ಳೋದು ನಮ್ಮ ಸಂಬಂಧವನ್ನ, ನಮ್ಮ ಮಾನವನ್ನ. ಟಿವಿ, ಫೋನಿನ ಜಾಹೀರಾತು ಹುಡುಗನ ಕಿವಿಯಾಗ ‘ನೀನು ವಿಶೇಷ, ನೀನು ನೀನೇ’ ಅಂತ ಊದ್ತದ. ವಸೂಲಿಗೆ ಬಂದಾಗ ಮಾತ್ರ ‘ನೀವೆಲ್ಲರೂ’ ಅಂತದ. ಮಾರೋ ಹೊತ್ತಿನಾಗ ‘ನಾನು’, ವಸೂಲಿ ಹೊತ್ತಿನಾಗ ‘ನಾವು’.

ಆ ಇಂಗ್ಲಿಷ್ ಸಿನಿಮಾದ ಕೊನೆಯಲ್ಲಿ ಸಾಲದ ಲೆಕ್ಕ ಇಟ್ಟ ಕಂಪನಿಗಳ ಕಟ್ಟಡಗಳನ್ನೇ ಉಡಾಯಿಸ್ತಾರ. ಲೆಕ್ಕ ಅಳಿಸಿದರೆ ಎಲ್ಲರೂ ಸೊನ್ನೆಯಿಂದ ಶುರು ಅಂತ ಅವರ ಯೋಚನೆ. ಅಳಿಯನಿಗೆ ಅದೇ ಭಾಳ ಇಷ್ಟ ಆಗ್ಯದ. ನಾನು ಕೇಳಿದೆ: “ಕಂಪನಿ ಲೆಕ್ಕ ಕಂಪ್ಯೂಟರಿನಾಗ ಅದ, ಸುಟ್ಟೀತು. ‘ನೀ ಯಾರ ಮಗ’ ಅನ್ನೋ ಲೆಕ್ಕ ಯಾವ ಕಟ್ಟಡದಾಗ ಅದ? ಅದಕ್ಕ ಎಲ್ಲಿ ಬೆಂಕಿ ಹಚ್ತಿ?” ಅವನು ಸುಮ್ಮನಾದ. ಸಾಲ ಮನ್ನಾ ಆದರೆ ಗೌಡರೂ ಸೊನ್ನೆಗೆ ಬರ್ತಾರ, ನಾವೂ ಸೊನ್ನೆಗೆ ಬರ್ತೀವಿ ಅಂತ ತಿಳ್ಕೊಂಡೀರೇನು? ಅವರ ಸೊನ್ನೆಯ ಹಿಂದ ಹೊಲ ಇರ್ತದ, ನಮ್ಮ ಸೊನ್ನೆಯ ಹಿಂದ ಓಣಿ ಇರ್ತದ.

ಇನ್ನೊಂದು ಮಾತು. ಆ ಸಿನಿಮಾದಲ್ಲಿ ಬಂಡಾಯಕ್ಕೆ ಸೇರಿದ ಗಂಡಸರೆಲ್ಲ ಕರಿ ಅಂಗಿ ತೊಟ್ಟು, ಹೆಸರು ಬಿಟ್ಟು, ಪ್ರಶ್ನೆ ಕೇಳದೆ ಒಬ್ಬ ನಾಯಕನ ಮಾತು ಕೇಳ್ತಾರ. ಸ್ವಾತಂತ್ರ್ಯಕ್ಕೆ ಅಂತ ಹೊರಟವರು ಕೊನೆಗೆ ಕುರಿಮಂದೆ ಆಗ್ತಾರ. ಆ ಸಿನಿಮಾ ಇದನ್ನ ಎಚ್ಚರಿಕೆ ಅಂತ ತೋರಿಸಿದೆ. ನೋಡಿದ ಹುಡುಗರು ಮಾತ್ರ ಅದನ್ನೇ ಆಸೆಪಟ್ಟು ನೋಡ್ತಾರ. ನಮ್ಮ ಸಂಘಟನೆಗಳ ಕಡೆಗೂ ಒಂದು ಕಣ್ಣು ಹಾಕೋಣ. ಫ್ಲೆಕ್ಸಿನಲ್ಲಿ ಬಾಬಾಸಾಹೇಬರ ಚಿತ್ರಕ್ಕಿಂತ ನಮ್ಮ ಮುಖಂಡರ ಚಿತ್ರ ದೊಡ್ಡದು. ಒಂದೇ ಜಿಲ್ಲೆಯಲ್ಲಿ ಒಂದೇ ಹೆಸರಿನ ಸಮಿತಿಗೆ ಎಷ್ಟು ಬಣ, ಎಷ್ಟು ಲೆಟರ್‌ಹೆಡ್ಡು! ಇದೂ ‘ನಾನು’ ಕಾಯಿಲೆಯೇ. ಇದರಲ್ಲಿ ನನ್ನ ಪಾಲೂ ಅದ, ಒಪ್ಕೊಳ್ತೀನಿ. ನನ್ನ ಮುಖ ಇಲ್ಲದ ಫ್ಲೆಕ್ಸ್ ನೋಡಿ ಮುನಿಸಿಕೊಂಡು ಸಭೆಗೆ ಹೋಗದೆ ಇದ್ದ ದಿನವೂ ಅದಾವ.

ಈಗ ನೀವೆಲ್ಲ ಕಾಯ್ತಿರೋ ಮಾತು. ‘ಆ ಸಿನಿಮಾ ಹೊಗಳ್ತೀಯಲ್ಲ, 2023ರಲ್ಲಿ ಅವರು ಏನಂದ್ರು ಮರೆತಿಯೇನು?’ ಅಂತ ಕಮೆಂಟಿನಲ್ಲಿ ಬರೀಬೇಕು ಅಂತ ಕೆಲವರ ಬೆರಳು ತುರಿಸ್ತಿರಬೇಕು. ಮರೆತಿಲ್ಲ. 2023ರ ಆಗಸ್ಟ್‌ನಲ್ಲಿ, ತಮ್ಮ ಪಕ್ಷದ ವಾರ್ಷಿಕೋತ್ಸವದ ಲೈವ್‌ನಲ್ಲಿ, ಟೀಕೆ ಮಾಡೋರ ಬಗ್ಗೆ ಮಾತಾಡುತ್ತಾ, ಊರಿದ್ದಲ್ಲಿ ಹೊಲಗೇರಿ ಇರುತ್ತೆ ಅನ್ನೋ ಗಾದೆಯನ್ನ ಉಪೇಂದ್ರ ಬಳಸಿದರು. ಜನ ಸಿಟ್ಟಿಗೆದ್ದರು. ಅವರು ವಿಡಿಯೋ ತೆಗೆದು ಹಾಕಿ ಕ್ಷಮೆ ಕೇಳಿದರು. ಬೆಂಗಳೂರಿನಲ್ಲಿ ಎಫ್‌ಐಆರ್ ದಾಖಲಾದವು, ಹೈಕೋರ್ಟ್ ತಡೆ ಕೊಟ್ಟಿತು. ಆವಾಗ ನಮ್ಮ ಗ್ರೂಪುಗಳಲ್ಲೇ ಎರಡು ಪಾರ್ಟಿ ಆದವು. ಒಂದು ಪಾರ್ಟಿ, ಇನ್ನು ಮುಂದೆ ಅವರ ಪಿಕ್ಚರ್ ನೋಡಂಗಿಲ್ಲ ಅಂತು. ಇನ್ನೊಂದು ಪಾರ್ಟಿ, ಬಾಯಿ ತಪ್ಪಿ ಬಂದದ, ಬಿಡ್ರಿ ಅಂತು. ಎರಡನೇ ಪಾರ್ಟಿಯಲ್ಲಿ ನಮ್ಮ ಅಳಿಯನೂ ಇದ್ದ.

ನನ್ನ ಮಾತು ಇಷ್ಟೇ. ಅವರು ಬೇಕಂತ ಅಂದರೋ, ಬಾಯಿತಪ್ಪಿ ಅಂದರೋ ಅನ್ನೋದನ್ನ ಕೋರ್ಟು ನೋಡ್ಕೊಳ್ಳಲಿ. ಯಾವ ಜಾತಿಯಲ್ಲಿ ಹುಟ್ಟಿದರು ಅನ್ನೋದು ನನ್ನ ತಕರಾರಲ್ಲ. ನನ್ನ ತಕರಾರು ಆ ‘ನಾನು’ ಮೇಲೆ. ಮನಸ್ಸಿಗೆ ಬಂದದ್ದನ್ನ ಮುಚ್ಚುಮರೆ ಇಲ್ಲದೆ ಆಡೋನೇ ನಿಜವಾದ ಮನುಷ್ಯ ಅಂತ ಆ ಸಿನಿಮಾ ಒಂದು ತಲೆಮಾರಿಗೆ ಕಲಿಸಿತು. ಆದರೆ ಮನಸ್ಸಿಗೆ ಬರೋದೆಲ್ಲ ನಮ್ಮ ಸ್ವಂತದ್ದೇನು? ಮನಸ್ಸಿನೊಳಗ ಅಜ್ಜ, ಮುತ್ತಜ್ಜ ಇಟ್ಟು ಹೋದ ಗಾದೆಗಳು ಇರ್ತಾವ. ತಡೆ ತೆಗೆದರೆ ಮೊದಲು ಹೊರಗ ಬರೋದು ಅವೇ. ಎಲ್ಲ ಅಂಗಿ ಬಿಚ್ಚಿ ಒಗೆದೀನಿ ಅಂತ ತಿಳಿದವನ ಮೈಗೂ ಒಂದು ಅಂಗಿ ಅಂಟಿಕೊಂಡೇ ಇರ್ತದ. ಅದು ಅವನಿಗೆ ಕಾಣಂಗಿಲ್ಲ, ನಮಗ ಕಾಣ್ತದ. ಯಾಕಂದ್ರ ಆ ಅಂಗಿಯ ನೂಲು ನಮ್ಮ ಓಣಿಯಿಂದ ಹೋದದ್ದು.

ಒಬ್ಬ ನಟ ಕ್ಷಮೆ ಕೇಳಿದರು, ಸರಿ. ಗಾದೆ ಇನ್ನೂ ಕ್ಷಮೆ ಕೇಳಿಲ್ಲ. ಅದು ಈಗಲೂ ಬಸ್ಸಿನಾಗ, ಆಫೀಸಿನಾಗ, ಪಂಚಾಯ್ತಿ ಕಟ್ಟೆಯಾಗ ಓಡಾಡ್ಕೊಂಡು ಅದ. ನಟನ ಮೇಲೆ ಬಂದ ಸಿಟ್ಟಿನಲ್ಲಿ ಕಾಲು ಭಾಗ ಗಾದೆ ಆಡೋ ನಮ್ಮೂರಿನವರ ಮೇಲೆ ಬಂದಿದ್ದರೆ ಇಷ್ಟೊತ್ತಿಗೆ ಏನೋ ಆಗ್ತಿತ್ತು. ನಟ ದೂರ ಇದ್ದಾರೆ, ಸಿಟ್ಟು ಮಾಡೋದು ಸಲೀಸು. ಊರಿನವರ ಹೊಲದಾಗ ನಾಳೆ ಹತ್ತಿ ಬಿಡಿಸಬೇಕು. ಅದೇ ಲೆಕ್ಕ ಮತ್ತ.

ಆ ಸಿನಿಮಾ 2024ರಲ್ಲಿ ಮತ್ತೆ ಟಾಕೀಸಿಗೆ ಬಂತು. ಅದೇ ವರ್ಷ ಅದರ ಒಂದು ಹಾಡು ರೀಲ್ಸ್‌ನಲ್ಲಿ ಎದ್ದು ಕುಣೀತು. ಬಂಡಾಯವೂ ಹಳೇದಾದ ಮೇಲೆ ಒಳ್ಳೇ ಸರಕು ಆಗ್ತದ ನೋಡ್ರಿ. ‘ಫೈಟ್ ಕ್ಲಬ್’ ಕೂಡ ಟಾಕೀಸಿನಲ್ಲಿ ಸೋತು, ಡಿವಿಡಿಯಲ್ಲಿ ಗೆದ್ದು, ಈಗ ನಮ್ಮ ಅಳಿಯನ ಎದಿ ಮ್ಯಾಲೆ ಆರುನೂರು ರೂಪಾಯಿಗೆ ಕೂತದ. ನಮ್ಮ ನೀಲಿ ಶಾಲು, ಜೈ ಭೀಮ್ ಸ್ಟಿಕ್ಕರ್ರೂ ಅದೇ ದಾರಿ ಹಿಡೀಬಾರದು ಅಂತ ನನ್ನ ಆಸೆ.

‘ಉಪೇಂದ್ರ’ದ ನಾಯಕ ಕೊನೆಗೆ ಆ ‘ನಾನು’ವನ್ನೇ ಬಿಡುವ ಕಡೆಗೆ ನಡೀತಾನ. ದೊಡ್ಡ ಮಾತು. ಬುದ್ಧನೂ ‘ನಾನು’ ಅನ್ನೋದು ಗಟ್ಟಿ ಪದಾರ್ಥ ಅಲ್ಲ ಅಂದ. ಆ ಬುದ್ಧನ ಹತ್ತಿರಾನೇ ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಹೋದರು. ಆದರೆ ಒಬ್ಬರೇ ಕಾಡಿಗೆ ಹೋಗಲಿಲ್ಲ, ಲಕ್ಷಾಂತರ ಜನರನ್ನ ಕರಕೊಂಡು ಹೋದರು. ಅದಕ್ಕೂ ಮೊದಲು ಆ ಜನರಿಗೆ ಮಹಾಡಿನ ಕೆರೆಯ ನೀರು ಕುಡಿಯೋ ‘ನಾನು’ ಕೊಟ್ಟರು, ಓಟು ಹಾಕೋ ‘ನಾನು’ ಕೊಟ್ಟರು. ಇರೋ ‘ನಾನು’ವನ್ನ ಬಿಡೋದು ತ್ಯಾಗ. ಇಲ್ಲದವನಿಗೆ ಬಿಡು ಅನ್ನೋದು ಮೋಸ. ಮೊದಲು ಅಪ್ಪನಿಗೆ ಬೆಂಚಿನ ಮೇಲೆ ಕೂತು ಚಹಾ ಕುಡಿಯೋಕೆ ಬಿಡ್ರಿ. ಅಹಂಕಾರ ಬಿಡೋ ಪಾಠ ಆಮೇಲೆ ಹೇಳ್ರಿ.

ಈಗ ಕೆಲಸದ ಮಾತು. ಹೋದ ಭಾನುವಾರ ನಾನು, ಅಳಿಯ ಇಬ್ಬರೂ ಊರಿಗೆ ಹೋದೆವು. ಅಕ್ಕನ ಗುಂಪಿನ ಹತ್ತೂ ಮಂದಿಯನ್ನ ಕೂಡಿಸಿದೆವು. ಎಲ್ಲರ ಪಾಸ್‌ಬುಕ್ಕು, ಕಾರ್ಡು ತೆಗೆಸಿ ಅಳಿಯ ಲೆಕ್ಕ ಬರೆದ. ಮಾತು ಬಿಟ್ಟಿದ್ದ ಒಂಬತ್ತು ಮಂದಿಯಲ್ಲಿ ಏಳು ಮಂದಿಗೂ ಇಂಥದ್ದೇ ಎರಡು, ಮೂರು ಸಾಲ. ಒಬ್ಬರದ್ದು ಒಬ್ಬರಿಗೆ ಗೊತ್ತಿರಲಿಲ್ಲ. ಅಷ್ಟು ದಿನ ಪ್ರತಿಯೊಬ್ಬರೂ ತಮ್ಮದೊಬ್ಬರದೇ ಮಾನ ಹೋಗೋದು ಅಂತ ಬಾಯಿ ಮುಚ್ಚಿಕೊಂಡಿದ್ದರು.

ಅವರಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ, ನಿಮ್ಮ ಓಣಿಯಲ್ಲೂ ಹೇಳ್ರಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಪೀಡಿಸೋ ಹಂಗಿಲ್ಲ. ಬೈಯೋ ಹಂಗಿಲ್ಲ, ಬಂಧು ಬಳಗದವರಿಗೆ ಕಾಟ ಕೊಡೋ ಹಂಗಿಲ್ಲ. ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಅದರಲ್ಲಿ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಅದ. ಕಾನೂನು ಕಾಗದದ ಮೇಲೆ ಇರ್ತದ, ಗೊತ್ತು. ಹತ್ತು ಮಂದಿ ಕೂಡಿ ಠಾಣೆಗೆ ಹೋದರೆ ಅದಕ್ಕ ಕಾಲು ಬರ್ತಾವ.

ಮುಂದಿನ ವಾರ ವಸೂಲಿ ಹುಡುಗ ಬಂದ. ಗುಂಪಿನ ಹತ್ತೂ ಮಂದಿ ಒಂದೇ ಕಡೆ ಕೂತಿದ್ದರಂತ. “ಕಂತು ಕಟ್ತೀವಿ, ನಮ್ಮ ಕೈಲಾದಂಗ ಹೊಸದಾಗಿ ಲೆಕ್ಕ ಮಾಡ್ಕೊಂಡು ಬಾ. ಆರು ಗಂಟಿಗೆ ಎದ್ದು ಹೋಗು” ಅಂದರಂತ. ಎದ್ದು ಹೋದ. ಅವನೂ ಪಾಪ ನಮ್ಮಂಥವರ ಮಗನೇ, ಮೇಲಿನಿಂದ ಟಾರ್ಗೆಟ್ ಇರೋನು. ಸಾಲ ತೀರಿಲ್ಲ. ಆದರೆ ಅಕ್ಕನ ಜೊತೆ ಓಣಿ ಮಾತಾಡಾಕ ಹತ್ತ್ಯದ. ಇಷ್ಟು ವರ್ಷ ‘ನಾವು’ ಬರೀ ದಂಡ ಕಟ್ಟಾಕ ಇತ್ತು. ಅವತ್ತು ಮೊದಲ ಸಲ ಅದು ತಿರುಗಿ ಮಾತಾಡಾಕ ಬಂತು.

ಕೊನೆಗೆ ಒಂದು. ಅವತ್ತು ಊರಿನಲ್ಲಿ ಅದೇ ಚಹಾ ಅಂಗಡಿಗೆ ಹೋದೆವು. ಹಳೇ ಮಾಲೀಕ ತೀರ್ಕೊಂಡಾನ, ಮಗ ನಡೆಸ್ತಾನ. ಹೊರಗಿನ ಗೂಟ ಇಲ್ಲ, ಬೇರೆ ಲೋಟ ಇಲ್ಲ. ಅಳಿಯ ಖುಷಿಯಿಂದ “ನೋಡು ಮಾಮಾ, ಎಲ್ಲ ಹೋಗ್ಯದ” ಅಂದ. ಎರಡು ಚಹಾ ಬಂದವು, ಪೇಪರ್ ಕಪ್ಪಿನಾಗ. ಒಳಗಿನ ಬೆಂಚಿನ ಮೇಲೆ ಕೂತ ನಾಲ್ಕು ಮಂದಿಯ ಕೈಯಾಗ ಸ್ಟೀಲ್ ಗ್ಲಾಸು ಇತ್ತು.

ಅಳಿಯ ಕಪ್ಪು ನೋಡಿದ, ಗ್ಲಾಸು ನೋಡಿದ, ನನ್ನ ಮುಖ ನೋಡಿದ. ಕುಡಿದು ಒಗೆಯೋ ಕಪ್ಪು ಬಂದಮೇಲೆ ತೊಳೆಯೋ ತಕರಾರೇ ಇಲ್ಲ, ಮುಟ್ಟೋ ತಕರಾರೂ ಇಲ್ಲ. ಸಾವಿರಾರು ವರ್ಷದ ಸಮಸ್ಯೆಗೆ ಮಾರುಕಟ್ಟೆ ಕಂಡುಹಿಡಿದ ಪರಿಹಾರ ಇದು. ಒಂದು ಕಪ್ಪಿಗೆ ಒಂದು ರೂಪಾಯಿಯೂ ಬೀಳಂಗಿಲ್ಲ.

ನಾನು ಏನೂ ಅನ್ನಲಿಲ್ಲ. ಅಳಿಯನೇ ಕಪ್ಪು ಕೆಳಗಿಟ್ಟು ಅಂದ: “ಅಣ್ಣಾರ, ನಮಗೂ ಗ್ಲಾಸಿನಾಗ ಕೊಡ್ರಿ. ನಾವು ಇಬ್ಬರಿದೀವಿ. ಹೊರಗ ಇನ್ನೂ ಹತ್ತು ಮಂದಿ ಬರಾಕ ಹತ್ತ್ಯಾರ.”

ಅವನು ‘ನಾನು’ ಅನ್ನಲಿಲ್ಲ ನೋಡ್ರಿ.

ಗ್ಲಾಸಿನಾಗ ಬಂತು ಚಹಾ. ಸಕ್ಕರಿ ಸ್ವಲ್ಪ ಕಡಿಮಿ ಇತ್ತು.

ಜೈ ಭೀಮ್.